ಬಿಟ್ಟುಬಿಟ್ಟ ರೀಡಿಂಗ್‌ಗಳು

ಅಕ್ಟೋಬರ್ ಬಂತೆಂದರೆ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳ ಹತ್ತಿರ ಹಳೆಯ ವಿದ್ಯಾರ್ಥಿಗಳು ಬರಲು ಶುರುವಾಗುತ್ತದೆ. ಶಿಫಾರಸು ಪತ್ರ ಬೇಕು, ಜೊತೆಗೆ 'ಸರ್, ನನ್ನ ಎಸ್‌ಒಪಿ ಒಂದ್ಸಲ ನೋಡಿಕೊಡಿ' ಎಂಬ ಬೇಡಿಕೆ. ಹೊರದೇಶದಲ್ಲಿ ಎಂಎಸ್‌ಗೋ ಪಿಎಚ್‌ಡಿಗೋ ಅರ್ಜಿ ಹಾಕುವವರು ಬರೆಯಬೇಕಾದ ಒಂದೆರಡು ಪುಟದ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಅದು. ನೀನು ಯಾರು, ಏನು ಓದಲು ಬರುತ್ತೀಯ, ಯಾಕೆ ಎಂದು ಅದರಲ್ಲಿ ಹೇಳಬೇಕು. ಅಮೆರಿಕದ ಪಿಎಚ್‌ಡಿ ಅರ್ಜಿಗಳಿಗೆ ಡಿಸೆಂಬರ್‌ನಲ್ಲೇ ಕೊನೆಯ ದಿನ ಇರುವುದು ಹೆಚ್ಚು. ಹಾಗಾಗಿ ಎಲ್ಲರಿಗೂ ಅವಸರ.

ಹೀಗೆ ಬಂದವರಲ್ಲಿ ಒಬ್ಬಳು ಪಾವಗಡದ ಕಡೆಯ ಹುಡುಗಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಸಿವಿಲ್ ಓದಿದವಳು, ನೀರಿನ ಶುದ್ಧೀಕರಣದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ. ಅವಳು ಕೊಟ್ಟ ಎರಡು ಪುಟ ಓದಿದೆ. ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ. ಕಠಿಣ ಪರಿಶ್ರಮಿ. ತಮ್ಮ ವಿಶ್ವವಿಖ್ಯಾತ ಸಂಸ್ಥೆಯಲ್ಲಿ ಒಂದು ಅವಕಾಶ ಸಿಕ್ಕರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಹೆಸರು ಅಳಿಸಿದರೆ ಅದು ಯಾರದಾದರೂ ಆಗಬಹುದಿತ್ತು.

ಈ ಧಾಟಿ ಎಲ್ಲಿಂದ ಬಂತೆಂದು ಆಮೇಲೆ ಯೋಚಿಸಿದೆ. ನಾವೆಲ್ಲ ಬದುಕಿನಲ್ಲಿ ಮೊದಲು ಬರೆದದ್ದು ರಜಾ ಅರ್ಜಿ. ಇಂದ, ಗೆ, ಮಾನ್ಯರೇ, ವಿಷಯ, ಕೊನೆಗೆ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ'. ಅರ್ಜಿ ಅಂದರೆ ಕೈಮುಗಿದು ಕೇಳುವುದು ಎಂದು ನಮ್ಮ ಕೈಗೆ ಆಗಲೇ ರೂಢಿಯಾಗಿದೆ. ಮತ್ತೊಂದು ಕಡೆ, ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಜಂಬ ಎಂದು ಮನೆಯಲ್ಲಿ ಕಲಿಸಿದ್ದಾರೆ. ನಡುವೆ ಸಿಕ್ಕಿಕೊಂಡ ಮಕ್ಕಳು, ತಮ್ಮ ಬಗ್ಗೆ ಹೇಳಲೇಬೇಕಾದಾಗ ಬೇರೆಯವರ ಹೊಗಳಿಕೆಯ ಮಾತನ್ನು ಎರವಲು ತರುತ್ತಾರೆ. ಕನ್ಸಲ್ಟೆನ್ಸಿಯವರ ಬಳಿ ಅಂಥ ಮಾದರಿಗಳು ಸಿದ್ಧವಾಗಿರುತ್ತವೆ. ಈಗ ಯಂತ್ರವೂ ಅರೆಗಳಿಗೆಯಲ್ಲಿ ಬರೆದುಕೊಡುತ್ತದೆ.

ಕಾಗದ ಪಕ್ಕಕ್ಕಿಟ್ಟು ಕೇಳಿದೆ: 'ಇಂಗ್ಲಿಷ್ ಬಿಡಮ್ಮ. ನಿನ್ನ ಪ್ರಾಜೆಕ್ಟ್ ಬಗ್ಗೆ ಕನ್ನಡದಲ್ಲೇ ಹೇಳು. ಏನು ಮಾಡಿದೆ?'

ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ನಮ್ಮ ದೇಶದ ಮಾನದಂಡವೂ ಹೇಳುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಮೂಳೆಗಳಲ್ಲಿ ಬಿಗಿತ. ಅವಳ ಪ್ರಾಜೆಕ್ಟ್ ಈ ಫ್ಲೋರೈಡ್ ತೆಗೆಯುವುದರ ಬಗ್ಗೆಯೇ ಇತ್ತು. ಕಾಲಂ ಎಂಬ ಗಾಜಿನ ಕೊಳವೆಯಲ್ಲಿ ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿ, ಮೇಲಿಂದ ನೀರು ಹರಿಸಿ, ಕೆಳಗೆ ಬಂದ ನೀರನ್ನು ಪರೀಕ್ಷೆ ಮಾಡುವುದು. ಸ್ಪಾಡ್ನ್ಸ್ ಎಂಬ ಕೆಂಪು ದ್ರಾವಣ ಹಾಕಿದರೆ, ಫ್ಲೋರೈಡ್ ಜಾಸ್ತಿಯಾದಷ್ಟೂ ಬಣ್ಣ ಮಾಸುತ್ತದೆ. ಎಷ್ಟು ಮಾಸಿತೆಂದು ಯಂತ್ರದಲ್ಲಿ ಅಳೆದರೆ ಲೆಕ್ಕ ಸಿಗುತ್ತದೆ.

'ಲ್ಯಾಬಲ್ಲಿ ನಾವೇ ಡಿಸ್ಟಿಲ್ಡ್ ವಾಟರ್‌ಗೆ ಸೋಡಿಯಂ ಫ್ಲೋರೈಡ್ ಹಾಕಿದ್ವಲ್ಲ ಸರ್, ಅದು ಚೆನ್ನಾಗಿ ಬಂತು. ಸಾಯಂಕಾಲದವರೆಗೂ ಕಾಲಂ ಹಿಡೀತು. ಆಮೇಲೆ ನಾನು ಊರಿಂದ ಬೋರ್ ನೀರು ಕ್ಯಾನಲ್ಲಿ ತಂದೆ. ಬಸ್ಸಲ್ಲಿ, ಕಾಲ ಹತ್ರ ಇಟ್ಕೊಂಡು. ಅದು ಮಧ್ಯಾಹ್ನಕ್ಕೇ ಕೈಕೊಟ್ಟುಬಿಡ್ತು. ಮೂರು ಸಲ ಮಾಡಿದೆ, ಮೂರು ಸಲಾನೂ ಹಾಗೇ.'

'ಇದನ್ನ ಯಾಕೆ ಬರೆದಿಲ್ಲ?'

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ನೀವೇ ಹೇಳಿದ್ರಿ ಸರ್, ಆ ರೀಡಿಂಗ್ ಬಿಟ್ಟುಬಿಡು, ವೈವಾದಲ್ಲಿ ಕೇಳಿದ್ರೆ ಕಷ್ಟ ಆಗುತ್ತೆ ಅಂತ.'

ಹೇಳಿದ್ದೆ. ನೆನಪಿದೆ. ವರದಿ ಕೊಡಲು ನಾಲ್ಕು ದಿನ ಉಳಿದಿತ್ತು, ಹೊರಗಿನ ಪರೀಕ್ಷಕರು ಬರುವವರಿದ್ದರು, ಗ್ರಾಫ್ ನೇರವಾಗಿರಲಿ ಎಂದುಕೊಂಡೆ. ಆ ಹುಡುಗಿಯ ಇಡೀ ಓದಿನಲ್ಲಿ ಅವಳದೇ ಆದದ್ದು ಏನಾದರೂ ಇದ್ದರೆ ಅದು ಆ ಬೋರ್ ನೀರಿನ ರೀಡಿಂಗ್. ಅದನ್ನು ನಾನೇ ವರದಿಯಿಂದ ತೆಗೆಸಿದ್ದೆ. ಈಗ ಅವಳ ಎಸ್‌ಒಪಿ ಸಪ್ಪೆಯಾಗಿದೆ ಎಂದು ಹುಬ್ಬು ಗಂಟಿಕ್ಕಿ ಕೂತವನೂ ನಾನೇ.

ಅವತ್ತು ಮನೆಗೆ ಹೋದ ಮೇಲೂ ಇದೇ ತಲೆಯಲ್ಲಿ ಸುತ್ತಿತು. ನಮ್ಮ ಮಕ್ಕಳ ಎಸ್‌ಒಪಿ ಸೊರಗುವುದು ಇಂಗ್ಲಿಷಿನಿಂದ ಎಂದು ಬಹಳ ವರ್ಷ ನಂಬಿದ್ದೆ. ಅವಳ ಇಂಗ್ಲಿಷಿಗೆ ಏನೂ ಆಗಿರಲಿಲ್ಲ. ಆಗದೇ ಹೋದದ್ದನ್ನು ಮುಚ್ಚಿಡು ಎಂದು ನಾಲ್ಕು ವರ್ಷ ಅವಳಿಗೆ ಕಲಿಸಿದ್ದೆವು. ಜರ್ನಲ್ ತಿದ್ದುವಾಗ ಸರಿಯುತ್ತರ ಬಾರದ ಪ್ರಯೋಗಕ್ಕೆ ಅಂಕ ಕಳೆಯುತ್ತೇವೆ. ಮಕ್ಕಳು ಹಿಂದಿನ ವರ್ಷದವರ ರೀಡಿಂಗ್ ನೋಡಿ ಬರೆಯುತ್ತಾರೆ, ನಾವು ಗೊತ್ತಿದ್ದೂ ಸಹಿ ಹಾಕುತ್ತೇವೆ. ಆ ತರಬೇತಿ ಮುಗಿಸಿ ಬಂದವರು ಎಸ್‌ಒಪಿಯಲ್ಲಿ ಮಾತ್ರ ತಟ್ಟನೆ ನಿಜ ಬರೆಯಬೇಕೆಂದರೆ ಎಲ್ಲಿಂದ ಬರೆದಾರು?

ಆದರೆ ಆಚೆ ಕಡೆ ಕೂತು ಓದುವವರಿಗೆ ಬೇಕಾಗಿರುವುದು ಅದೇ. ಅಮೆರಿಕದಲ್ಲಿ ಪಿಎಚ್‌ಡಿಗೆ ಸೇರಿಸಿಕೊಂಡರೆ ಸಾಮಾನ್ಯವಾಗಿ ವಿಭಾಗವೇ ಫೀಸು ಕಟ್ಟಿ, ಐದಾರು ವರ್ಷ ಸಂಬಳದಂತೆ ಹಣ ಕೊಡುತ್ತದೆ. ಆ ಕಡತ ಓದುವವರು ಅಲ್ಲಿನ ಪ್ರೊಫೆಸರ್‌ಗಳು. ಅಂಕಪಟ್ಟಿ ಅವರ ಮುಂದಿದೆ, ಶಿಫಾರಸು ಪತ್ರಗಳೂ ಇವೆ. ಅವುಗಳಲ್ಲಿ ಕಾಣದ ಒಂದು ಸಂಗತಿಗಾಗಿ ಅವರು ಈ ಎರಡು ಪುಟ ತೆಗೆಯುತ್ತಾರೆ: ಕೆಲಸ ಕೈಕೊಟ್ಟ ದಿನ ಈ ವ್ಯಕ್ತಿ ಏನು ಮಾಡುತ್ತಾನೆ? ಸಂಶೋಧನೆಯಲ್ಲಿ ಕೈಕೊಡುವ ದಿನಗಳೇ ಹೆಚ್ಚು. ಬೋರ್ ನೀರನ್ನು ಮೂರು ಸಲ ಹರಿಸಿ ನೋಡಿದ ಹುಡುಗಿ ಅದಕ್ಕೆ ಉತ್ತರ ಕೊಟ್ಟಾಗಿತ್ತು. ಆ ಉತ್ತರ ಕಾಗದದ ಮೇಲೆ ಇರಲಿಲ್ಲ, ಅಷ್ಟೇ.

ಮತ್ತೆ ಕೂತೆವು. ಕಾಲಂ ಯಾಕೆ ಕೈಕೊಟ್ಟಿತೆಂದು ಅವಳು ಆಮೇಲೆ ತಾನೇ ಓದಿ ತಿಳಿದುಕೊಂಡಿದ್ದಳು. ಅಲ್ಯುಮಿನಾ ಫ್ಲೋರೈಡನ್ನು ಚೆನ್ನಾಗಿ ಹಿಡಿಯುವುದು ನೀರು ಕೊಂಚ ಆಮ್ಲೀಯವಾಗಿದ್ದಾಗ, ಪಿಎಚ್ 5.5ರ ಆಸುಪಾಸಿನಲ್ಲಿ. ಅವಳ ಊರಿನ ಬೋರ್ ನೀರು 8 ದಾಟುತ್ತದೆ, ಜೊತೆಗೆ ಅದರಲ್ಲಿನ ಬೈಕಾರ್ಬೊನೇಟ್ ಫ್ಲೋರೈಡಿನ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಹಾಗಾದರೆ ನಮ್ಮ ಹಳ್ಳಿಗಳ ನೀರಿನಲ್ಲೇ, ಆಮ್ಲ ಬೆರೆಸುವ ತಾಪತ್ರಯವಿಲ್ಲದೆ ಕೆಲಸ ಮಾಡುವ ವಸ್ತು ಯಾವುದು? ಈ ಪ್ರಶ್ನೆ ಅವಳಿಗೆ ಇತ್ತು. ಇದನ್ನೇ ಮೊದಲ ಪ್ಯಾರಾ ಮಾಡಿದಳು. ಬಾಲ್ಯದ ಆಸಕ್ತಿ ತಾನಾಗಿ ಉದುರಿಹೋಯಿತು.

ಉಳಿದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂರನೇ ಸೆಮಿಸ್ಟರಿನ ಬ್ಯಾಕ್‌ಲಾಗ್ ಬಗ್ಗೆ ಎರಡು ಸಾಲು, ನೆಪವಿಲ್ಲದೆ. ಪ್ರೊಫೆಸರ್‌ಗಳ ಹೆಸರಿನ ಉದ್ದ ಪಟ್ಟಿ ತೆಗೆದು, ಯಾರ ಲೇಖನವನ್ನು ನಿಜವಾಗಿ ಓದಿದ್ದಳೋ ಅವರಿಬ್ಬರ ಹೆಸರು ಮಾತ್ರ ಉಳಿಸಿದಳು.

ಒಂದೇ ಕಡೆ ನಾವಿಬ್ಬರೂ ತಡವರಿಸಿದ್ದು, ಅವಳ ಅಜ್ಜಿಯ ವಿಷಯದಲ್ಲಿ. ಅಜ್ಜಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಅದನ್ನು ಬರೆದರೆ ಕರುಣೆ ಕೇಳಿದಂತಾಗುತ್ತದೆ ಎಂದು ಅವಳಿಗೆ ಅಳುಕು. ಬರ್ಕ್‌ಲಿಯಂಥ ವಿಶ್ವವಿದ್ಯಾಲಯಗಳು ಓದಿನ ಉದ್ದೇಶಕ್ಕೆ ಒಂದು, ಬೆಳೆದು ಬಂದ ಬದುಕಿಗೆ ಇನ್ನೊಂದು ಎಂದು ಎರಡು ಬೇರೆ ಬರಹಗಳನ್ನೇ ಕೇಳುತ್ತವೆ. ಅಂದರೆ ಅಜ್ಜಿಗೂ ಜಾಗ ಇದೆ. ಅವಳು ಬರೆದದ್ದು ಇಷ್ಟು: ನೀರಿನಿಂದ ಹೀಗಾಯಿತೆಂದು ಅಜ್ಜಿ ಇವತ್ತಿಗೂ ಒಪ್ಪುವುದಿಲ್ಲ, ವಯಸ್ಸಾಯಿತು ಅನ್ನುತ್ತಾಳೆ, ಊರಿನಲ್ಲಿ ಪರೀಕ್ಷೆಯ ಫಲಿತಾಂಶ ಹೇಳಹೊರಟಾಗ ನನ್ನ ಮಾತು ನಂಬದ ಮೊದಲ ವ್ಯಕ್ತಿ ಅವಳೇ. ಓದಿ ನನ್ನ ಕಣ್ಣು ತೇವವಾಯಿತು. ಕರುಣೆ ಬೇಡುವ ಒಂದು ಪದವೂ ಅದರಲ್ಲಿರಲಿಲ್ಲ.

ಆರು ಕಡೆ ಹಾಕಿದಳು, ನಾಲ್ಕು ಕಡೆ ಇಲ್ಲವೆಂದರು. ಒಂದು ಕಡೆಯ ಸಂದರ್ಶನದಲ್ಲಿ ಪ್ರೊಫೆಸರ್ ಬಹುಪಾಲು ಸಮಯ ಆ ಮಧ್ಯಾಹ್ನಕ್ಕೇ ಕೈಕೊಟ್ಟ ಕಾಲಂ ಬಗ್ಗೆಯೇ ಕೇಳಿದರಂತೆ. ಅವಳು ಈಗ ಅಲ್ಲಿದ್ದಾಳೆ.

ಆಗಿನಿಂದ ನನ್ನ ಕೈಕೆಳಗಿನ ಪ್ರಾಜೆಕ್ಟ್ ವರದಿಗಳಲ್ಲಿ ಆಗದೇ ಹೋದ ಪ್ರಯೋಗಗಳಿಗೆ ಒಂದು ಅಧ್ಯಾಯ ಇರಲೇಬೇಕು. ವೈವಾಕ್ಕೆ ಬರುವ ಪರೀಕ್ಷಕರಿಗೆ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿಂದಲೇ ಕೇಳಿ ಎಂದು. ನನ್ನಂಥ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆಯೂ ಇದೇ. ಈ ವರ್ಷ ಅರ್ಜಿ ಹಾಕುವ ಮಕ್ಕಳೇ, ಪ್ರಾಜೆಕ್ಟ್ ಮುಗಿಯಿತೆಂದು ಆ ಹಳೆಯ ರಫ್ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ಗೀಟು ಎಳೆದು ಹೊಡೆದುಹಾಕಿದ ಪುಟಗಳನ್ನು ಮೊದಲು ತೆಗೆದು ಓದಿ.