ವುಝೂವಿನ ನೀರು, ತೋಟದ ನೀರು

ಇಂದು ಅಸರ್ ನಮಾಝ್‌ಗೆ ವುಝೂ ಮಾಡುವಾಗ ನಳ್ಳಿಯ ಕೆಳಗೊಂದು ಬಕೆಟ್ ಇರಿಸಿರಿ. ಎಂದಿನಂತೆಯೇ ವುಝೂ ಪೂರ್ತಿಗೊಳಿಸಿರಿ. ಬಳಿಕ ಬಕೆಟ್‌ನಲ್ಲಿ ಎಷ್ಟು ನೀರು ಕೂಡಿದೆಯೆಂದು ಅಳೆದು ನೋಡಿರಿ.

ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಿಂದ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಿಂದ ಸ್ನಾನ ಮಾಡುತ್ತಿದ್ದರು ಎಂದು ಹ. ಅನಸ್(ರ) ವರದಿ ಮಾಡಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ಇದೆ. ಮುದ್ದ್ ಎಂದರೆ ಎರಡು ಕೈ ಜೋಡಿಸಿ ಹಿಡಿದ ಒಂದು ತುಂಬು ಬೊಗಸೆ. ಇಂದಿನ ಅಳತೆಯಲ್ಲಿ ಮುಕ್ಕಾಲು ಲೀಟರಿನ ಆಸುಪಾಸು. ಹನಫೀ ವಿದ್ವಾಂಸರ ಲೆಕ್ಕ ಹಿಡಿದರೂ ಒಂದು ಲೀಟರಿನಷ್ಟೇ. ನಾಲ್ಕು ಮುದ್ದ್ ಸೇರಿದರೆ ಒಂದು ಸಾಅ್. ಅಷ್ಟು ನೀರು ಸ್ನಾನಕ್ಕೆ ತನಗೆ ಸಾಲದೆಂದು ಒಬ್ಬರು ಹೇಳಿದಾಗ ಹ. ಜಾಬಿರ್(ರ) ಕೊಟ್ಟ ಉತ್ತರ ಬಹಳ ಮಾರ್ಮಿಕವಾಗಿತ್ತು: ನಿಮಗಿಂತ ದಟ್ಟ ಕೂದಲಿದ್ದವರಿಗೆ, ನಿಮಗಿಂತ ಶ್ರೇಷ್ಠರಾಗಿದ್ದವರಿಗೆ ಅದು ಸಾಕಾಗುತ್ತಿತ್ತು ಎಂಬುದು ಅದರ ಸಾರ.

ಹರಿಯುವ ನದಿಯ ಬಳಿಯಲ್ಲೂ ವುಝೂವಿನಲ್ಲಿ ದುಂದು ಸಲ್ಲದೆಂಬ ಹದೀಸ್ ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಇಬ್ನು ಮಾಜಃದಲ್ಲಿರುವ ಆ ವರದಿಯ ಸರಪಣಿ ದುರ್ಬಲವೆಂದು ವಿದ್ವಾಂಸರು ಹೇಳಿದ್ದಾರೆ. ಆದರೆ ಅಂಗಗಳನ್ನು ಮೂರು ಬಾರಿಗಿಂತ ಹೆಚ್ಚು ತೊಳೆಯುವುದು ಅತಿಕ್ರಮವೆಂದು ತಿಳಿಸುವ ಅಬೂ ದಾವೂದ್‌ನ ವರದಿಯೂ ಇದೆ. ದುಂದು ಮಾಡುವವರನ್ನು ಅಲ್ಲಾಹನು ಮೆಚ್ಚುವುದಿಲ್ಲವೆಂದು ಪವಿತ್ರ ಕುರ್‌ಆನ್ ಸ್ಪಷ್ಟವಾಗಿ ಸಾರಿದೆ. ಆರಾಧನೆಗೆ ಬಳಸುವ ನೀರಿಗೇ ಮಿತಿಯಿದೆಯೆಂದಾದರೆ ಅಂಗಳ ತೊಳೆಯುವ, ಕಾರು ತೊಳೆಯುವ ನೀರಿಗೆ ಮಿತಿಯಿಲ್ಲವೇ?

ಹಾಗೆಂದು ಹಿಮ್ಮಡಿ ಒಣಗಿದ್ದಂತೆಯೇ ನಮಾಝ್‌ಗೆ ನಿಲ್ಲುವುದನ್ನು ಮಿತವ್ಯಯ ಎನ್ನುವಂತಿಲ್ಲ. ಅದರ ಬಗ್ಗೆ ಪ್ರವಾದಿವರ್ಯರು(ಸ) ಕಠಿಣ ಎಚ್ಚರಿಕೆ ನೀಡಿದ್ದಾರೆ. ಚೆನ್ನಾಗಿ ತೊಳೆಯಬೇಕು, ಕಡಿಮೆ ನೀರಿನಲ್ಲಿ ತೊಳೆಯಬೇಕು. ಇದಕ್ಕೆ ಚೊಂಬು ಅಥವಾ ಕಿಂಡಿಯಷ್ಟು ಒಳ್ಳೆಯ ಸಾಧನ ಬೇರಿಲ್ಲ. ನಳ್ಳಿ ತೆರೆದಿಟ್ಟು ತಲೆ ಸವರುವಾಗ ಹರಿದುಹೋಗುವ ನೀರು ಯಾವ ಅಂಗಕ್ಕೂ ತಾಗುವುದಿಲ್ಲ.

ಇನ್ನು ತೋಟದ ವಿಷಯ. ಮದೀನಾದ ಮಹ್ಝೂರ್ ಎಂಬ ಕಣಿವೆಯಲ್ಲಿ ಮಳೆನೀರು ಹರಿದು ಬರುತ್ತಿತ್ತು. ಮೇಲಿನ ತೋಟದವನು ನೀರನ್ನು ಕಾಲಿನ ಹರಡಿನವರೆಗೆ ನಿಲ್ಲಿಸಿಕೊಳ್ಳಬಹುದು, ಬಳಿಕ ಕೆಳಗಿನವನಿಗೆ ಬಿಡಬೇಕು ಎಂದು ಪ್ರವಾದಿವರ್ಯರು(ಸ) ತೀರ್ಪಿತ್ತರು. ಗಮನಿಸಿರಿ, ನೀರು ಮೊದಲು ತಲಪಿದ್ದು ಮೇಲಿನವನಿಗೆ. ಅವನ ಹಕ್ಕನ್ನು ನಿರಾಕರಿಸಲಿಲ್ಲ, ಆದರೆ ಆ ಹಕ್ಕಿಗೆ ಹರಡಿನ ಎತ್ತರದ ಗೆರೆ ಎಳೆಯಲಾಯಿತು.

ಇಂದು ನಮ್ಮ ಕಾಲುವೆ ನೆಲದಡಿಯಲ್ಲಿದೆ. ಯಾರ ಜಾಗದ ಕೆಳಗೆ ಎಷ್ಟು ನೀರಿದೆಯೆಂದು ಯಾರಿಗೂ ಕಾಣದು. ನಾವು ನೂರಾರು ಅಡಿ ಆಳದ ಕೊಳವೆಬಾವಿಯಿಂದ ಹಗಲಿಡೀ ಪಂಪು ಓಡಿಸಿ ಹುಲ್ಲುಹಾಸಿಗೆ ನೀರುಣಿಸುವಾಗ ಪಕ್ಕದ ಮನೆಯ ಇಪ್ಪತ್ತೈದು ಅಡಿಯ ತೆರೆದ ಬಾವಿ ಬತ್ತಬಹುದು. ಆ ಮನೆಯವರು ಮುಸ್ಲಿಮರಾಗಿರಲಿ, ಅಲ್ಲದಿರಲಿ, ನೆರೆಯವರ ಹಕ್ಕು ಹಕ್ಕೇ. ಕರೆಂಟ್ ಬಿಲ್ಲು ನಾನು ಕಟ್ಟುತ್ತೇನೆ ಎಂಬ ಮಾತು ಇಲ್ಲಿ ಉತ್ತರವಾಗದು. ಹಣ ಕೊಟ್ಟದ್ದು ವಿದ್ಯುತ್ತಿಗೆ, ನೀರಿಗಲ್ಲ.

ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲೇ 2019ರ ಬೇಸಿಗೆಯಲ್ಲಿ ಮಂಗಳೂರಿಗರು ಸರದಿಯಂತೆ ನೀರು ಪಡೆಯಬೇಕಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ, ತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಆದೇಶವಾಯಿತು. ದಂಡಕ್ಕೆ ಹೆದರಿ ನಳ್ಳಿ ಮುಚ್ಚುವವನು ದಂಡ ನಿಂತಾಗ ಮತ್ತೆ ತೆರೆಯುತ್ತಾನೆ. ಅಲ್ಲಾಹನಿಗೆ ಲೆಕ್ಕ ಒಪ್ಪಿಸಲಿದೆಯೆಂದು ನಂಬಿದವನಿಗೆ ಆದೇಶ ಕಾಯಬೇಕಾಗಿಲ್ಲ.

ಗಿಡಗಳನ್ನು ಒಣಗಿಸಿರೆಂದು ಯಾರೂ ಹೇಳುವುದಿಲ್ಲ. ನೆಟ್ಟ ಗಿಡದಿಂದ ಹಕ್ಕಿ ತಿಂದದ್ದೂ ನೆಟ್ಟವನ ಪಾಲಿಗೆ ದಾನವೆಂದು ಹದೀಸ್ ಇದೆ. ತೆಂಗಿನ ಬುಡದ ಸುತ್ತ ಸಿಪ್ಪೆ ಹೂಳಿರಿ, ಅದು ನೀರನ್ನು ಹೀರಿ ಹಿಡಿದಿಟ್ಟು ಬೇರಿಗೆ ನಿಧಾನವಾಗಿ ಕೊಡುತ್ತದೆ. ಮಲ್ಲಿಗೆ, ಬಸಳೆ, ಬೆಂಡೆಯ ಬುಡಕ್ಕೆ ಒಣಗಿದ ಸೊಪ್ಪು ಹೊದಿಸಿರಿ. ನಡು ಮಧ್ಯಾಹ್ನ ಪೈಪು ಹಿಡಿಯಬೇಡಿ. ಬಿಸಿಲಿಗೆ ನೀರು ಬೇಗ ಆವಿಯಾಗುವುದು ಮನೆಯಾಕೆಗೆ ಗೊತ್ತು, ಪೈಪು ಹಿಡಿದ ಮಗನಿಗೆ ಗೊತ್ತಿಲ್ಲ! ಅಕ್ಕಿ, ತರಕಾರಿ, ಮೀನು ತೊಳೆದ ನೀರು ಬಸಳೆಗೆ ಗೊಬ್ಬರವೂ ಆಗುತ್ತದೆ. ವುಝೂ ಮಾಡಿದ ನೀರಿನಿಂದ ಪುನಃ ವುಝೂ ಆಗದು, ಆದರೆ ಅದು ಮಲಿನವಲ್ಲ; ಗಿಡಕ್ಕೆ ಹಾಕಲು ಅಡ್ಡಿಯಿಲ್ಲ.

ಮಾಡಿನ ನೀರನ್ನೂ ಮರೆಯಬೇಡಿ. ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ನೂರು ಲೀಟರ್. ಕರಾವಳಿಯ ಒಂದು ಮಳೆಗಾಲದಲ್ಲಿ ಅದು ಮೂರು ಲಕ್ಷ ಲೀಟರಿಗೆ ಹತ್ತಿರವಾಗುತ್ತದೆ. ಅದು ಚರಂಡಿ ಸೇರುವ ಬದಲು ಬಾವಿಯ ಬಳಿ ತೋಡಿದ ಇಂಗುಗುಂಡಿಗೆ ಇಳಿಯಲಿ. ಜಲ್ಲಿ, ಮರಳು ಹಾಕಿದ ಸಣ್ಣ ಗುಂಡಿಗೆ ಹೆಚ್ಚಿನ ಖರ್ಚೇನೂ ತಗಲದು. ನಿಮ್ಮ ನೀರು ಭೂಮಿ ಪಾತಾಳಕ್ಕಿಳಿದರೆ ಒರತೆಯ ನೀರನ್ನು ತಂದುಕೊಡುವವರಾರೆಂದು ಅಲ್‌ಮುಲ್ಕ್ ಅಧ್ಯಾಯದ ಕೊನೆಯಲ್ಲಿ ಅಲ್ಲಾಹನು ಕೇಳುತ್ತಾನೆ. ರಾತ್ರಿ ಮಲಗುವ ಮುನ್ನ ಆ ಅಧ್ಯಾಯ ಓದುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಮಸೀದಿ ಕಮಿಟಿಯವರಲ್ಲಿ ಒಂದು ವಿನಂತಿ. ದಿನಕ್ಕೆ ಐದು ಹೊತ್ತು, ಪ್ರತಿ ಹೊತ್ತಿಗೂ ಹತ್ತಾರು ಮಂದಿಯ ವುಝೂವಿನ ನೀರು ಎಲ್ಲಿಗೆ ಹೋಗುತ್ತಿದೆ? ಮುಂದಿನ ಸಭೆಯಲ್ಲಿ ಅದನ್ನು ಮಸೀದಿಯ ತೆಂಗಿನ ಬುಡಕ್ಕೆ ತಿರುಗಿಸುವ ಪೈಪಿನ ಖರ್ಚನ್ನು ಚರ್ಚೆಗೆ ಇಡಿರಿ. ಜೊತೆಗೆ, ತೊಟ್ಟಿಕ್ಕುವ ನಳ್ಳಿಗಳ ವಾಶರ್ ಬದಲಿಸಿರಿ.