ಕಬ್ಬಿಣದ ಋಣ

ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನಲ್ಲಿ ಆರ್ಲ್ಸಿ ಎಂಬ ಊರಿದೆ. ಅಲ್ಲಿನ ಸೀಮೆಸುಣ್ಣದ ಗಣಿಯಲ್ಲಿ ಅಗೆಯುತ್ತಿದ್ದ ಉಗಿಯಂತ್ರವೊಂದನ್ನು, ಕೆಲಸ ಮುಗಿದ ಮೇಲೆ, ಇದ್ದಲ್ಲೇ ಬಿಟ್ಟುಹೋದರು. ಗಣಿಯಲ್ಲಿ ನೀರು ತುಂಬಿತು. ಯಂತ್ರ ಮುಳುಗಿ ದಶಕಗಳ ಕಾಲ ತಳದಲ್ಲಿ ಉಳಿಯಿತು. ಲಿಂಕನ್ ಪಟ್ಟಣದ ರಸ್ಟನ್ ಪ್ರಾಕ್ಟರ್ ಕಾರ್ಖಾನೆ 1909ರಲ್ಲಿ ಮಾಡಿದ ಆ 306ನೇ ನಂಬರಿನ ಯಂತ್ರವನ್ನು 1977ರಲ್ಲಿ ಮೇಲೆತ್ತಲಾಯಿತು. ಮುಂದೆ ಕಂಬ್ರಿಯಾದ ಥ್ರೆಲ್‌ಕೆಲ್ಡ್ ಕ್ವಾರಿಯಲ್ಲಿ, ವಿಂಟೇಜ್ ಎಕ್ಸ್‌ಕವೇಟರ್ ಟ್ರಸ್ಟ್‌ನ ಸ್ವಯಂಸೇವಕರ ಕೈಯಲ್ಲಿ, ಅದರ ಬಾಯ್ಲರಿಗೆ ಮತ್ತೆ ಬೆಂಕಿ ಬಿತ್ತು.

ಸಂಬಳವಿಲ್ಲ. ಅಗೆಯಬೇಕಾದ ತುರ್ತೂ ಇಲ್ಲ. ಥ್ರೆಲ್‌ಕೆಲ್ಡ್‌ನ ಕಲ್ಲುಗಣಿ 1982ರಲ್ಲೇ ಮುಚ್ಚಿದೆ. ಹಾಗಿದ್ದೂ ವಾರಾಂತ್ಯಗಳಲ್ಲಿ ಮೈಕೈಗೆಲ್ಲ ಗ್ರೀಸ್ ಬಳಿದುಕೊಂಡು ದುಡಿಯುವ ಇವರು ಯಾರ ಸಾಲ ತೀರಿಸುತ್ತಿದ್ದಾರೆ?

ಯಂತ್ರದ ಸಾಲವೇ? ನಿರ್ಜೀವ ವಸ್ತುವಿನೊಡನೆ ಸ್ನೇಹ ಸಾಧ್ಯವಿಲ್ಲ ಎಂದವನು ಅರಿಸ್ಟಾಟಲ್. ಗುಲಾಮನನ್ನು ಜೀವವಿರುವ ಉಪಕರಣ ಎಂದು ಕರೆದವನೂ ಅವನೇ. ಉಪಕರಣಕ್ಕೆ ಏನೂ ಸಲ್ಲಬೇಕಿಲ್ಲ ಎಂಬ ತರ್ಕ ಮನುಷ್ಯರವರೆಗೂ ಚಾಚಿಕೊಳ್ಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮಲ್ಲಿ ಆಯುಧಪೂಜೆಯ ದಿನ ಜೆಸಿಬಿಗೂ ಚೆಂಡುಹೂವಿನ ಹಾರ ಬೀಳುತ್ತದೆ, ಅದರ ಮುಂದೆ ಬೂದುಗುಂಬಳ ಒಡೆಯುತ್ತಾರೆ. ದೊಡ್ಡ ಸಂಸ್ಕಾರವೇ ಅದು. ಆದರೆ ಪೂಜೆ ದುಡಿಯುವ ಯಂತ್ರಕ್ಕೆ ಮಾತ್ರ. ದುಡಿಮೆ ನಿಂತದ್ದು ಗುಜರಿಗೆ.

ಇನ್ನೊಂದು ತೊಡಕಿದೆ. ತುಕ್ಕು ತಿಂದ ತಗಡು, ಕೊಳವೆಗಳನ್ನೆಲ್ಲ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಯಾವ ಯಂತ್ರ? ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ನಾಗಸೇನ ಭಿಕ್ಷು ಇದೇ ಬಗೆಯಲ್ಲಿ ರಥವನ್ನು ಬಿಡಿಸಿಡುತ್ತಾನೆ: ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗವೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ. ಈ ಮಾತನ್ನು ಒಪ್ಪಿದರೆ, ಕಬ್ಬಿಣದ ಒಂದೊಂದು ತುಣುಕಿಗೂ ಜೋತುಬೀಳಬೇಕಿಲ್ಲ. ಉಳಿಸಬೇಕಾದದ್ದು ಅವುಗಳ ಕೂಡುವಿಕೆಯನ್ನು, ಕೂಡಿಸಬಲ್ಲ ಕೈಗಳನ್ನು.

ಆ ಕೈಗಳ ಕೆಲಸವನ್ನು ಹತ್ತಿರದಿಂದ ನೋಡಬೇಕು. ತಣ್ಣಗಿರುವ ಬಾಯ್ಲರಿಗೆ ಒಮ್ಮೆಲೇ ದೊಡ್ಡ ಬೆಂಕಿ ಹಾಕುವಂತಿಲ್ಲ; ತಗಡುಗಳು ಒಂದೇ ಸಮನೆ ಹಿಗ್ಗಬೇಕು, ಇಲ್ಲವಾದರೆ ಸಂದುಗಳು ಬಿಟ್ಟು ಸೋರುತ್ತವೆ. ಗಾಜಿನ ಕೊಳವೆಯಲ್ಲಿ ಕಾಣುವ ನೀರಿನ ಮಟ್ಟದಿಂದ ಕಣ್ಣು ಕದಲಬಾರದು: ನೀರು ಇಳಿದರೆ ಒಲೆಯ ಮೇಲ್ತಗಡು ಬರಿದಾಗಿ ಕಾದು ಜೀವಕ್ಕೇ ಸಂಚಕಾರ. ಉಗಿ ಬಿಡುವ ಹದ, ಬಕೆಟ್ ಕಲ್ಲಿಗೆ ಕಚ್ಚಿದಾಗ ಎಂಜಿನ್ನಿನ ಸದ್ದು ಬದಲಾಗುವ ರೀತಿ, ಇವನ್ನು ಪುಸ್ತಕದಿಂದ ಕಲಿಯಲಾಗದು. ಹಿಂದೆ ಇದನ್ನೇ ಹೊಟ್ಟೆಪಾಡಿಗೆ ಮಾಡಿದ, ಹೆಸರು ಎಲ್ಲೂ ದಾಖಲಾಗದ ಸಾವಿರಾರು ಮಂದಿಯ ಅರಿವು ಅದು. ಋಣ ಇರುವುದು ಅವರಿಗೆ. ಅರಿಸ್ಟಾಟಲ್ ಒಡೆಯನನ್ನೂ ಉಪಕರಣವನ್ನೂ ನೋಡಿದ. ನಡುವೆ ಬೆವರು ಸುರಿಸಿದವನ ಜಾಣ್ಮೆ ಉಪಕರಣದಲ್ಲೇ ಉಳಿದಿರುತ್ತದೆ ಎಂಬುದನ್ನು ಕಾಣಲಿಲ್ಲ.

ಶರಣರ ಕಾಯಕದ ಅಳತೆಗೋಲು ಇಲ್ಲಿ ಪೂರ್ತಿ ಹೊಂದದು. ಕಾಯಕ ಅನ್ನ ಹುಟ್ಟಿಸಬೇಕು, ಅದು ದಾಸೋಹಕ್ಕೆ ಸಲ್ಲಬೇಕು. ಥ್ರೆಲ್‌ಕೆಲ್ಡ್‌ನಲ್ಲಿ ಕಲ್ಲನ್ನು ತೋಡಿ ಇನ್ನೊಂದೆಡೆ ಸುರಿಯುವುದಷ್ಟೆ, ಅದಕ್ಕೆ ಕಲ್ಲಿದ್ದಲ ಹೊಗೆ ಬೇರೆ. ಈ ಆಕ್ಷೇಪ ನ್ಯಾಯವಾದದ್ದೇ. ಆದರೂ ವರ್ಷದ ಕೆಲವೇ ದಿನ ಅಷ್ಟು ಕಲ್ಲಿದ್ದಲು ಉರಿಯುವುದು ಸರಿಯೇ, ಏಕೆಂದರೆ ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿದ ಯಂತ್ರದಿಂದ ಯಾವ ಹುಡುಗನೂ ಹುಡುಗಿಯೂ ಬಾಯ್ಲರ್ ಕಾಯಿಸುವುದನ್ನು ಕಲಿಯಲಾರರು.