ತಿದ್ದಿಕೊಂಡವನ ಸಾಲ ಯಾರು ತೀರಿಸಬೇಕು?

ತಿದ್ದಿಕೊಂಡ ಲಂಪಟನೇ ಅತ್ಯುತ್ತಮ ಗಂಡನಾಗುತ್ತಾನೆ ಎಂಬ ಮಾತು 18ನೇ ಶತಮಾನದ ಇಂಗ್ಲೆಂಡಿನಲ್ಲಿ ಚಾಲ್ತಿಯಲ್ಲಿತ್ತು. ನಮಗೂ ಇದು ಹೊಸತಲ್ಲ. 'ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು' ಎಂಬ ಗಾದೆ ಕಟ್ಟಿದವರಿಗೆ ಈ ಸಿಕ್ಕು ಗೊತ್ತಿತ್ತು. ಆದರೂ 'ಒಂದು ಮದುವೆ ಮಾಡಿಬಿಡಿ, ಸರಿಹೋಗುತ್ತಾನೆ' ಎನ್ನುವ ಹಿರಿಯರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಹೀಗೆ ಹುಡುಗನನ್ನು ತಿದ್ದುವ ಹೊಣೆ ಅವನಿಂದಲೂ ಅವನ ಹೆತ್ತವರಿಂದಲೂ ಜಾರಿ, ಅವನ ಮುಖವನ್ನೇ ನೋಡಿರದ ಹುಡುಗಿಯ ತಲೆಗೆ ಬೀಳುತ್ತದೆ.

ಈ ನಂಬಿಕೆಯನ್ನು ಬೆಳೆಸಿದವನೂ ಕೆಡವಲು ಹೊರಟವನೂ ಒಬ್ಬನೇ ಲೇಖಕ: ಸ್ಯಾಮ್ಯುಯೆಲ್ ರಿಚರ್ಡ್‌ಸನ್. 1740ರಲ್ಲಿ ಬಂದ ಅವನ 'ಪಮೇಲಾ'ದಲ್ಲಿ ಮನೆಗೆಲಸದ ಹುಡುಗಿಯನ್ನು ಕೂಡಿಹಾಕಿ ಕಾಡಿದ ಒಡೆಯ ಕೊನೆಗೆ ಅವಳ ದೃಢತೆಗೆ ಸೋತು ತಿದ್ದಿಕೊಳ್ಳುತ್ತಾನೆ, ಅವಳನ್ನೇ ಮದುವೆಯಾಗುತ್ತಾನೆ. ಓದುಗರು ಕುಣಿದಾಡಿದರು. ಆದರೆ 1747-48ರಲ್ಲಿ ಹೊರಬಂದ 'ಕ್ಲಾರಿಸ್ಸಾ'ದಲ್ಲಿ ಅದೇ ಲೇಖಕ ಆ ಮಾತು ಅಪಾಯಕಾರಿ ಎಂದು ತೋರಿಸಲು ಹೊರಟ. ಲವ್‌ಲೇಸ್ ಎಂಬ ಲಂಪಟ ಕ್ಲಾರಿಸ್ಸಾಳಿಗೆ ಅಮಲಿನ ಮದ್ದು ಕೊಟ್ಟು ಅತ್ಯಾಚಾರ ಮಾಡುತ್ತಾನೆ, ಬಳಿಕ ಮದುವೆಯಾಗುತ್ತೇನೆ ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಅವನನ್ನು ತಿದ್ದಿ ಇಬ್ಬರನ್ನೂ ಒಂದುಮಾಡಿ ಎಂದು ಓದುಗರು ಪತ್ರ ಬರೆದು ಬೇಡಿಕೊಂಡರೂ ರಿಚರ್ಡ್‌ಸನ್ ಜಗ್ಗಲಿಲ್ಲ.

ಸುಮಾರು ನೂರು ವರ್ಷಗಳ ಬಳಿಕ, 1847ರಲ್ಲಿ, ಷಾರ್ಲೆಟ್ ಬ್ರಾಂಟಿ 'ಜೇನ್ ಐರ್' ಕಾದಂಬರಿಯಲ್ಲಿ ಇದೇ ಪ್ರಶ್ನೆಯನ್ನು ಒಬ್ಬ ಗವರ್ನೆಸ್‌ಳ ಮುಂದಿಟ್ಟಳು. ಶ್ರೀಮಂತರ ಮನೆಯಲ್ಲೇ ಉಳಿದು ಮಕ್ಕಳಿಗೆ ಪಾಠ ಹೇಳುವ ಈ ಶಿಕ್ಷಕಿ ಮನೆಯವರ ಸಾಲಿಗೂ ಸೇರಳು, ಆಳುಗಳ ಸಾಲಿಗೂ ಸೇರಳು. ಬ್ರಾಂಟಿ ಸ್ವತಃ ಈ ಕೆಲಸ ಮಾಡಿದವಳು. 1841ರಲ್ಲಿ ಅವಳ ವರ್ಷದ ಸಂಬಳ 20 ಪೌಂಡ್, ಅದರಲ್ಲೂ ಬಟ್ಟೆ ಒಗೆಸಿದ ಖರ್ಚು ಮುರಿದುಕೊಳ್ಳುತ್ತಿದ್ದರು. ಕಾದಂಬರಿಯ ಜೇನ್‌ಗೆ 30 ಪೌಂಡ್. ಅವಳ ಒಡೆಯ ರೋಚೆಸ್ಟರ್ ಯುರೋಪಿನ ನಗರಗಳಲ್ಲಿ ಪ್ರೇಯಸಿಯರ ಜೊತೆ ವರ್ಷಗಳನ್ನು ಕಳೆದವನು. ಈಗ ಹೊಸ ಬದುಕು ಬೇಕು, ಅದನ್ನು ಜೇನ್ ಕೊಡಬೇಕು ಎಂಬುದು ಅವನ ಆಸೆ.

ಮದುವೆಯ ದಿನ ಚರ್ಚಿನಲ್ಲೇ ಗುಟ್ಟು ರಟ್ಟಾಗುತ್ತದೆ. ಅವನ ಹೆಂಡತಿ ಬರ್ಥಾ ಬದುಕಿದ್ದಾಳೆ. ಜಮೈಕಾದವಳಾದ ಆಕೆ ಬುದ್ಧಿಭ್ರಮಣೆಗೊಳಗಾಗಿ ಅದೇ ಮನೆಯ ಮೂರನೇ ಅಂತಸ್ತಿನಲ್ಲಿ ಬಂಧಿಯಾಗಿದ್ದಾಳೆ. ಆಗ ರೋಚೆಸ್ಟರ್ ಹೂಡುವ ವಾದ ಗಮನಾರ್ಹ: ನೀನು ಹೋದರೆ ನಾನು ಮತ್ತೆ ಹಳೆಯ ಚಾಳಿಗೆ ಬೀಳುತ್ತೇನೆ. ಅಂದರೆ ಅವನ ಪತನದ ಹೊಣೆಯೂ ಅವಳದೇ! ಜೇನ್‌ಗೆ ಅವನ ಮೇಲೆ ಪ್ರೀತಿಯಿದೆ, ಹೋಗಲು ಬೇರೆ ಮನೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಆದರೂ ಬೆಳಗಾಗುವ ಹೊತ್ತಿಗೆ ಹೊರಟುಬಿಡುತ್ತಾಳೆ.

ಇದು ನಿರ್ದಯೆಯಲ್ಲವೇ? ತಪ್ಪು ಮಾಡಿದವನಿಗೆ ಎಲ್ಲರೂ ಬಾಗಿಲು ಮುಚ್ಚಿದರೆ ಅವನು ತಿದ್ದಿಕೊಳ್ಳುವುದು ಹೇಗೆ? ಈ ಪ್ರಶ್ನೆಯಲ್ಲಿ ಹುರುಳಿದೆ. ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆಯಿಲ್ಲದೆ ಯಾವ ಸಮಾಜವೂ ನಿಲ್ಲದು. ಆದರೆ ಬಾಗಿಲು ತೆರೆದಿಡುವುದು ಬೇರೆ, ಒಬ್ಬಳನ್ನೇ ಹೊಸ್ತಿಲಾಗಿ ಹಾಸುವುದು ಬೇರೆ. ಪಶ್ಚಾತ್ತಾಪವೆಂದರೆ ತಪ್ಪನ್ನು ಒಪ್ಪುವುದು, ಬಿಡುವುದು ಮತ್ತು ಅನ್ಯಾಯಕ್ಕೊಳಗಾದವರ ಹಕ್ಕನ್ನು ಹಿಂದಿರುಗಿಸುವುದು. ಮೊದಲೆರಡನ್ನು ಹೊಸ ಪ್ರೇಯಸಿಯ ಎದುರು ಮಾಡಿ ತೋರಿಸಬಹುದು. ಮೂರನೆಯದನ್ನು ಅವಳಿಗೆ ಸಲ್ಲಿಸಲು ಬರುವುದಿಲ್ಲ, ಏಕೆಂದರೆ ಆ ಸಾಲ ಅವಳದಲ್ಲ. ಬರ್ಥಾಳ ಜೊತೆ ಬಂದ 30,000 ಪೌಂಡ್ ವರದಕ್ಷಿಣೆ ರೋಚೆಸ್ಟರನಿಗೆ ದಕ್ಕಿತ್ತು. ಲೆಕ್ಕ ಇತ್ಯರ್ಥವಾಗಬೇಕಿದ್ದುದು ಆ ಮೂರನೇ ಅಂತಸ್ತಿನಲ್ಲಿ.

ಬ್ರಾಂಟಿಗೆ ಇದು ತಿಳಿದಿತ್ತು ಎನ್ನಲು ಕಾರಣವಿದೆ. ಮನೆಗೆ ಬೆಂಕಿ ಬಿದ್ದಾಗ ಅಲ್ಲಿ ಜೇನ್ ಇಲ್ಲ, ಅವಳು ಮರಳುವ ಭರವಸೆಯೂ ಇಲ್ಲ. ರೋಚೆಸ್ಟರ್ ಆಳುಗಳನ್ನು ಹೊರತಂದು, ಬರ್ಥಾಳನ್ನು ಉಳಿಸಲು ಮತ್ತೆ ಮೇಲೇರುತ್ತಾನೆ. ಆಕೆ ಮಾಡಿನಿಂದ ಜಿಗಿದು ಸಾಯುತ್ತಾಳೆ. ಅವನು ಒಂದು ಕೈಯನ್ನೂ ದೃಷ್ಟಿಯನ್ನೂ ಕಳೆದುಕೊಳ್ಳುತ್ತಾನೆ. ಪ್ರತಿಫಲವಿಲ್ಲದಲ್ಲಿ ಮಾಡಿದ ಈ ಒಂದು ಕೆಲಸವೇ ಅವನ ಬದಲಾವಣೆಗೆ ಸಾಕ್ಷಿ, ಜೇನ್‌ಗೆ ಹೇಳಿದ ನೂರು ಪ್ರೇಮದ ಮಾತುಗಳಲ್ಲ.

ಜೇನ್ ಮರಳುವಾಗ ಸಂಬಳದಾಳಾಗಿ ಬರುವುದಿಲ್ಲ. ಚಿಕ್ಕಪ್ಪನಿಂದ ಬಂದ 20,000 ಪೌಂಡನ್ನು ಮೂವರು ಬಂಧುಗಳೊಂದಿಗೆ ಸಮನಾಗಿ ಹಂಚಿಕೊಂಡು, ತನ್ನ 5,000 ಪೌಂಡಿನೊಂದಿಗೆ ಬರುತ್ತಾಳೆ. ಬೇಡವೆಂದು ಹೇಳಬಲ್ಲವಳ 'ಹೂಂ'ಗೆ ಬೆಲೆಯಿದೆ. ಆದರೆ ವಿವಾಹಿತೆಯ ಆಸ್ತಿ ಗಂಡನ ವಶವಾಗುತ್ತಿದ್ದ ಕಾಲವದು. 1870 ಮತ್ತು 1882ರ ಕಾಯ್ದೆಗಳು ಬರುವವರೆಗೂ ಇಂಗ್ಲೆಂಡಿನ ಹೆಂಡತಿಯ 'ಹೂಂ' ಒಮ್ಮೆ ಮಾತ್ರ ಸ್ವತಂತ್ರವಾಗಿತ್ತು.

ಬರ್ಥಾಳ ಸಾವು ಮಾತ್ರ ಲೇಖಕಿಗೆ ತುಸು ಅನುಕೂಲವಾಗಿಯೇ ಒದಗಿತು. ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ಆಕೆಯ ಕಡೆಯಿಂದ ಇನ್ನೊಂದು ಕಾದಂಬರಿ ಬರೆದು, ಮುಚ್ಚಿದ್ದ ಆ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದಳು.

'ಹುಡುಗ ಈಗ ಸರಿಹೋಗಿದ್ದಾನೆ' ಎಂದು ಯಾರಾದರೂ ಹೇಳಿದಾಗ ಸಂಶಯಪಡಬೇಕೆಂದಿಲ್ಲ, ಸಂತೋಷಪಡೋಣ. ಜೊತೆಗೆ ಎರಡು ಪ್ರಶ್ನೆ ಕೇಳೋಣ. ಯಾರೂ ಏನನ್ನೂ ಕೊಡುತ್ತೇನೆಂದು ಹೇಳದಿದ್ದಾಗಲೂ ಅವನು ಸರಿಯಾಗಿದ್ದನೇ? ಅವನಿಂದ ನೊಂದವರ ಬಾಗಿಲಿಗೆ ಹೋಗಿ ಬಂದನೇ? ಉತ್ತರ ಇಲ್ಲವೆಂದಾದರೆ, ಅವನ ಹಳೆಯ ಸಾಲಕ್ಕೆ ನಮ್ಮ ಮಗಳು ಜಾಮೀನಾಗಬೇಕಿಲ್ಲ.